ಹಳೇ ಗಂಟಲಿಗೆ ಪುಟ್ಟ ಸ್ಪೀಕರ್: ಹರಿಕಥೆ ದಾಸನೊಬ್ಬ ಕೊಂಡ ಮೈಕಿನ ವಿಚಾರ

ಹರಿಕಥೆ ಮಾಡುವವರು, ಗಮಕ ಓದುವವರು, ಭಜನೆ ಮಂಡಳಿ ನಡೆಸುವವರು, ಅರವತ್ತು ದಾಟಿದ ಮೇಲೂ ನಾಲ್ಕು ಜನರ ಮುಂದೆ ನಿಂತು ಮಾತಾಡುವ ಆಸೆ ಇರುವವರು ಯಾರೇ ಆಗಲಿ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕೊಂಡಿದ್ದು ತಲೆಗೆ ಸಿಕ್ಕಿಸಿಕೊಳ್ಳುವ ಒಂದು ವೈರ್‌ಲೆಸ್ ಮೈಕ್, ಅದರ ಜೊತೆಗೆ ಬರುವ ಅಂಗೈ ಅಗಲದ ಸ್ಪೀಕರ್. ಟ್ಯೂಷನ್ ಮೇಷ್ಟ್ರು, ಬೇಲೂರು ಹಳೇಬೀಡಿನ ಗೈಡ್‌ಗಳು ಸೊಂಟಕ್ಕೆ ಕಟ್ಟಿಕೊಂಡಿರುತ್ತಾರಲ್ಲ, ಅದೇ ಥರದ್ದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಬ್ರಾಂಡಿನ ಹೆಸರು ಬರೆಯುತ್ತಿಲ್ಲ. ಇಂಥವು ಹತ್ತಾರು ಹೆಸರಿನಲ್ಲಿ ಬರುತ್ತವೆ. ಹೆಸರಿಗಿಂತ ಜಾಸ್ತಿ ಮುಖ್ಯ ಯಾವ ಬಗೆಯದನ್ನು ಕೊಳ್ಳಬೇಕು, ಹೇಗೆ ಇಟ್ಟುಕೊಳ್ಳಬೇಕು ಅನ್ನುವುದು.

ನನಗೀಗ ಎಪ್ಪತ್ನಾಲ್ಕು. ತುಮಕೂರಿನಲ್ಲಿ ಮನೆ. ಚಿಕ್ಕಂದಿನಲ್ಲಿ ಗುರುಗಳ ಹಿಂದೆ ನಿಂತು ಶ್ರುತಿಪೆಟ್ಟಿಗೆ ಒತ್ತುತ್ತಿದ್ದವನು, ಆಮೇಲೆ ನಾನೇ ಗೆಜ್ಜೆ ಕಟ್ಟಿದೆ. ಜೀವನವೆಲ್ಲ ರಾಮನವಮಿ ಪೆಂಡಾಲು, ಗಣೇಶನ ಪೆಂಡಾಲು, ಕಾರ್ತೀಕದ ದೀಪೋತ್ಸವ, ಊರಹಬ್ಬ ಇವುಗಳ ನಡುವೆಯೇ ಕಳೆಯಿತು. ಗಂಟಲೇ ನನ್ನ ಜಮೀನು, ಗಂಟಲೇ ಪೆನ್ಷನ್. ಆ ಗಂಟಲು ಕೆಲವು ವರ್ಷದಿಂದ ಸೋಲತೊಡಗಿತು. ಕಥೆಯ ಅರ್ಧಕ್ಕೆ ಉಸಿರು ಸೋರಿದ ಹಾಗೆ ಆಗುವುದು. ಮೇಲಿನ ಷಡ್ಜ ಮುಟ್ಟಲು ಹೋದರೆ ದನಿ ಸೀಳುವುದು.

ಯಾಕೆ ಹೀಗೆ ಅಂತ ತಿಳಿಯಲು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಮಾನಸಗಂಗೋತ್ರಿಯಲ್ಲಿದೆ. ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ದನಿಯ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಅಲ್ಲಿ ಸಮಾಧಾನವಾಗಿ ವಿವರಿಸಿದರು. ವಯಸ್ಸಾದಂತೆ ಗಂಟಲೊಳಗಿನ ಧ್ವನಿತಂತುಗಳು ಸೊರಗುತ್ತವೆ. ಎರಡೂ ಪೂರ್ತಿ ಕೂಡಿಕೊಳ್ಳುವುದಿಲ್ಲ. ನಡುವಿನ ಸಂದಿನಲ್ಲಿ ಗಾಳಿ ಸುಮ್ನೆ ಹೊರಗೆ ಹೋಗುತ್ತದೆ. ಅದಕ್ಕೇ ದನಿ ತೆಳ್ಳಗಾಗುತ್ತದೆ, ಬೇಗ ಸುಸ್ತಾಗುತ್ತದೆ. ಗಂಡಸರ ಮಾತಿನ ದನಿ ಸ್ವಲ್ಪ ಮೇಲಕ್ಕೆ ಏರುತ್ತದಂತೆ, ಹೆಂಗಸರದ್ದು ಕೆಳಕ್ಕೆ ಇಳಿಯುತ್ತದಂತೆ. ಇಂಥ ಹೊತ್ತಿನಲ್ಲಿ ಕೂಗಿ ಹಾಡಲು ಹೋದರೆ ಕುತ್ತಿಗೆಯ ಸ್ನಾಯುಗಳೆಲ್ಲ ಬಿಗಿದು ಇನ್ನಷ್ಟು ಕೆಡುತ್ತದೆ. ಪದೇ ಪದೇ ಕ್ಯಾಕರಿಸಬೇಡಿ, ನೀರು ಕುಡಿಯಿರಿ, ಗಂಟಲು ಕಟ್ಟಿದಾಗ ಪಿಸುಗುಟ್ಟಿಯೂ ಮಾತಾಡಬೇಡಿ, ಅದೂ ಶ್ರಮವೇ ಅಂದರು. ಒಂದು ಅಭ್ಯಾಸವನ್ನೂ ಹೇಳಿಕೊಟ್ಟರು. ಲೋಟದಲ್ಲಿ ನೀರು ಹಾಕಿ, ಸ್ಟ್ರಾ ಇಳಿಬಿಟ್ಟು, ಗುಳುಗುಳು ಗುಳ್ಳೆ ಬರುವಂತೆ ಊದುತ್ತಾ ಒಂದೇ ಸ್ವರ ಹಿಡಿಯುವುದು. ಮೊಮ್ಮಗಳಿಗೆ ಅದು ಆಟ. ನನಗೆ ಈಗ ಬೆಳಗಿನ ಸಾಧಕದ ಮೊದಲ ಪಾಠ.

ಅಲ್ಲಿಂದ ಬಂದ ಮೇಲೆ ಎರಡು ನಿರ್ಧಾರ ಮಾಡಿದೆ. ಶ್ರುತಿ ಇಳಿಸುವುದು ಒಂದು. ಎರಡು ಮನೆ ಶ್ರುತಿಯಲ್ಲಿ ಹಾಡುತ್ತಿದ್ದವನು ಅದಕ್ಕಿಂತ ತಗ್ಗಿನ ಒಂದು ಮನೆ ಶ್ರುತಿಗೆ ಬಂದೆ. ಇನ್ನೊಂದು, ಕೂಗುವ ಕೆಲಸವನ್ನು ಯಂತ್ರಕ್ಕೆ ಬಿಡುವುದು.

ದೊಡ್ಡ ಪೆಂಡಾಲಿನಲ್ಲಿ ಮೈಕ್ ಸೆಟ್‌ನವರು ಇರುತ್ತಾರೆ, ಅಲ್ಲಿ ಈ ಪುಟ್ಟ ಸ್ಪೀಕರಿನ ಅಗತ್ಯವಿಲ್ಲ. ನಮಗೆ ಈಗ ಬರುವ ಕರೆಗಳೇ ಬೇರೆ. ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್, ಬಡಾವಣೆಯ ಪುಟ್ಟ ಗುಡಿ, ವೃದ್ಧಾಶ್ರಮ, ಯಾರದೋ ಮನೆಯ ಸತ್ಯನಾರಾಯಣ ಪೂಜೆ. ಮೂವತ್ತು ನಲವತ್ತು ಜನ ಇರುತ್ತಾರೆ. ಮೈಕ್ ಸೆಟ್ ತರಿಸಿದರೆ ಅದರ ಬಾಡಿಗೆಯೇ ದಾಸರ ಸಂಭಾವನೆಯನ್ನು ಮೀರುತ್ತದೆ. ಹಾಗಾಗಿ ಕರೆಯುವವರು ಹಿಂದೆ ಸರಿಯುತ್ತಿದ್ದರು. ಈಗ ಫೋನ್ ಬಂದಾಗ ‘ಮೈಕ್ ನಾನೇ ತರುತ್ತೇನೆ, ಒಂದು ಸ್ಟೂಲ್ ಕೊಡಿ ಸಾಕು’ ಅನ್ನುತ್ತೇನೆ. ಕಾರ್ಯಕ್ರಮ ಕಣ್ಣಿಗೆ ಕಾಣುವಷ್ಟು ಜಾಸ್ತಿಯಾಗಿವೆ. ಈ ಒಂದು ಕಾರಣಕ್ಕೇ ಕೊಟ್ಟ ದುಡ್ಡು ವಾಪಸ್ ಬಂತು.

ಇನ್ನು ವಸ್ತುವಿನ ವಿಚಾರ. ವೈರ್ ಇರುವುದು, ವೈರ್ ಇಲ್ಲದ್ದು ಎರಡೂ ಸಿಗುತ್ತವೆ. ವೈರ್ ಇರುವುದು ಅಗ್ಗ. ಕೂತು ಮಾತಾಡುವವರಿಗೆ, ಗಮಕದವರಿಗೆ ಅದೇ ಸಾಕು. ಹರಿಕಥೆಗೆ ಅದು ಆಗುವುದಿಲ್ಲ. ನಮ್ಮ ಒಂದು ಕೈಯಲ್ಲಿ ತಾಳ ಹಾಕುವ ಚಿಟಿಕೆ ಇರುತ್ತದೆ, ಇನ್ನೊಂದು ಕೈಯಲ್ಲಿ ಅಭಿನಯ. ಹೆಗಲಲ್ಲಿ ಶಲ್ಯ, ಕೊರಳಲ್ಲಿ ಹಾರ, ಕಾಲಲ್ಲಿ ಗೆಜ್ಜೆ. ಇದರ ನಡುವೆ ವೈರ್ ಸುತ್ತಿಕೊಂಡರೆ ಕಥೆಯ ಕಡೆ ಗಮನವೇ ಇರುವುದಿಲ್ಲ. ಸ್ಪೀಕರನ್ನು ಸೊಂಟಕ್ಕೆ ಕಟ್ಟುವುದೂ ಸರಿ ಬರಲಿಲ್ಲ. ಪಂಚೆಯ ಮೇಲೆ ಬೆಲ್ಟ್ ನಿಲ್ಲುವುದಿಲ್ಲ, ಕುಣಿದಾಗ ಡಬ್ಬ ಹೊಟ್ಟೆಗೆ ಬಡಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕೂಗು. ಮೈಕಿಗೆ ಸ್ಪೀಕರ್ ಹತ್ತಿರ ಇದ್ದರೆ ಸ್ಪೀಕರಿನಿಂದ ಬಂದ ದನಿ ಮತ್ತೆ ಮೈಕಿಗೇ ಹೋಗಿ, ಅಲ್ಲಿಂದ ಮತ್ತೆ ಸ್ಪೀಕರಿಗೆ ಬಂದು, ಹೀಗೇ ಸುತ್ತಿ ಸುತ್ತಿ ಕುಂಯ್ಯೆಂದು ಕಿರುಚುತ್ತದೆ. ಇದು ಯಂತ್ರದ ದೋಷ ಅಲ್ಲ. ಎಷ್ಟು ದುಬಾರಿಯದ್ದು ತಂದರೂ ತಪ್ಪಿದ ಜಾಗದಲ್ಲಿ ಇಟ್ಟರೆ ಹಾಗೇ ಆಗುತ್ತದೆ.

ನಾನು ಸ್ಪೀಕರನ್ನು ನನಗಿಂತ ನಾಲ್ಕೈದು ಅಡಿ ಮುಂದೆ, ಎತ್ತರದ ಸ್ಟೂಲಿನ ಮೇಲೆ, ಜನರ ಕಡೆ ಮುಖ ಮಾಡಿ ಇಡುತ್ತೇನೆ. ಕೂತವರ ತಲೆಗಿಂತ ಮೇಲಿರಬೇಕು. ನೆಲದ ಮೇಲಿಟ್ಟರೆ ಮುಂದಿನ ಸಾಲಿನವರ ಮೊಣಕಾಲಿಗೆ ಕಥೆ ಹೇಳಿದ ಹಾಗೆ, ಹಿಂದಿನವರಿಗೆ ಏನೂ ಮುಟ್ಟುವುದಿಲ್ಲ. ನಾನು ಸ್ಪೀಕರಿನ ಹಿಂದೆ ನಿಲ್ಲುತ್ತೇನೆ. ನನ್ನ ಬಲಕ್ಕೆ ತಬಲ, ಎಡಕ್ಕೆ ಹಾರ್ಮೋನಿಯಂ, ಅವರಿಗೆ ಮೈಕ್ ಬೇಡ. ನಲವತ್ತು ಜನರ ಜಾಗದಲ್ಲಿ ತಬಲ ಮೈಕಿಲ್ಲದೆಯೇ ದಾಸನ ದನಿಯನ್ನು ಮುಳುಗಿಸುತ್ತಿತ್ತು. ಈಗ ಅದೊಂದು ಸರಿಹೋಗಿದೆ.

ಮೈಕಿನ ಕಡ್ಡಿ ಬಾಯಿಯ ಎದುರು ಬರಬಾರದು. ತುಟಿಯ ಮೂಲೆಯಿಂದ ಎರಡು ಬೆರಳು ಆಚೆ, ಕೆನ್ನೆಯ ಪಕ್ಕ ಇರಬೇಕು. ಎದುರಿಗೆ ಬಂದರೆ ‘ಪಾಂಡುರಂಗ’, ‘ಭೀಮ’, ‘ಫಲ್ಗುಣ’ ಅಂದಾಗಲೆಲ್ಲ ಉಸಿರು ಬಡಿದು ಧಡ್ ಅನ್ನುತ್ತದೆ. ಸ್ಪಂಜಿನ ಟೋಪಿ ಹಾಕಲೇಬೇಕು. ಅದು ಬೇಗ ಕಳೆದುಹೋಗುತ್ತದೆ, ಹೆಚ್ಚಿನವು ಇಟ್ಟುಕೊಂಡಿರಿ. ರುಮಾಲು ಸುತ್ತುವ ದಾಸರು ಮೊದಲು ಮೈಕ್ ಹಾಕಿಕೊಂಡು ಆಮೇಲೆ ರುಮಾಲು ಸುತ್ತಿ, ಆಗ ಅಲುಗಾಡುವುದಿಲ್ಲ. ಶಲ್ಯದ ಜರಿ ಅಂಚು ಕಡ್ಡಿಗೆ ತಾಗಿದರೆ ಗರಗರ ಅನ್ನುತ್ತದೆ. ನಾನು ಈಗ ಬಲಹೆಗಲಿಗೆ ಶಲ್ಯ, ಎಡಗೆನ್ನೆಗೆ ಮೈಕ್ ಮಾಡಿಕೊಂಡಿದ್ದೇನೆ.

ಕೊಳ್ಳುವಾಗ ಒಂದು ಎಚ್ಚರ. ಬ್ಲೂಟೂತ್ ಮೈಕ್ ಅಂತ ತೋರಿಸಿದರೆ ಬೇಡ ಅನ್ನಿ. ಬ್ಲೂಟೂತ್‌ನಲ್ಲಿ ದನಿ ಒಂದು ಗಳಿಗೆ ತಡವಾಗಿ ಹೊರಗೆ ಬರುತ್ತದೆ. ಮಾತಿಗೆ ಹೇಗೋ ನಡೆಯಬಹುದು, ಹಾಡಿಗೆ ಆಗುವುದೇ ಇಲ್ಲ. ತಬಲದ ಸಮ, ಅಂದರೆ ತಾಳದ ಮೊದಲ ಪೆಟ್ಟು ಒಂದು ಕಡೆ, ನಮ್ಮ ಸಮ ಒಂದು ಕಡೆ. ಯುಎಚ್‌ಎಫ್ ಅಂತ ಬರೆದಿರುವುದನ್ನು, ಅಂದರೆ ರೇಡಿಯೋ ಅಲೆಯಲ್ಲಿ ನೇರವಾಗಿ ದನಿ ಕಳಿಸುವುದನ್ನು, ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲೇ ಹಾಕಿಕೊಂಡು ಒಂದು ಉಗಾಭೋಗ ಹಾಡಿ ನೋಡಿ. ನಾನು ಹಾಡಿದಾಗ ಅಂಗಡಿಯ ಹುಡುಗ ‘ಅಂಕಲ್, ಇನ್ನೊಂದು ಹೇಳಿ’ ಅಂದ. ಪಕ್ಕದ ಕೇಬಲ್ ಅಂಗಡಿಯವರೂ ಬಂದು ನಿಂತರು. ಹಾಗೆ ಕೇಳಿದಾಗ ಹಾಡದೆ ಇರಲು ನನ್ನ ಕೈಲಿ ಆಗುವುದಿಲ್ಲ.

ಬ್ಯಾಟರಿ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬರುವುದಿಲ್ಲ. ಮುಕ್ಕಾಲು ವಾಲ್ಯೂಮಿನಲ್ಲಿ ಎರಡು ಗಂಟೆ ಧೈರ್ಯವಾಗಿ ನಂಬಬಹುದು. ನನ್ನ ಕಥೆ ಈಗ ಒಂದೂಕಾಲು ಗಂಟೆ ಅಷ್ಟೇ, ಹಾಗಾಗಿ ತೊಂದರೆ ಇಲ್ಲ. ತಲೆಯ ಮೈಕಿಗೆ ಬೇರೆ ಬ್ಯಾಟರಿ ಇದೆ, ಅದನ್ನೂ ಚಾರ್ಜ್ ಮಾಡಬೇಕು. ಮರೆಯುವವರು ಅದನ್ನೇ ಮರೆಯುವುದು. ತಲೆಪಟ್ಟಿಯ ಪ್ಲಾಸ್ಟಿಕ್ ಮಾತ್ರ ಕಳಪೆ. ವಾರಂಟಿ ಮುಗಿದ ಸ್ವಲ್ಪ ದಿನಕ್ಕೆ ಕಿವಿಯ ಹತ್ತಿರ ಬಿರುಕು ಬಿಟ್ಟಿತು. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಪಟ್ಟಿ ಒಂದೇ ಸಿಗುವುದಿಲ್ಲ, ಇಡೀ ಸೆಟ್ ಕೊಳ್ಳಿ ಅಂದರು. ನನಗೆ ನಿಜವಾಗಿ ಬೇಜಾರಾಯಿತು. ನೂರು ರೂಪಾಯಿಯ ಭಾಗಕ್ಕೆ ಮೂರು ಸಾವಿರದ ವಸ್ತು ಎಸೆಯಬೇಕಾ? ನಮ್ಮ ಬೀದಿಯ ಮೊಬೈಲ್ ರಿಪೇರಿ ಹುಡುಗ ತೆಳ್ಳಗಿನ ತಂತಿ ಸುತ್ತಿ, ಅಂಟು ಹಾಕಿ ಸರಿ ಮಾಡಿಕೊಟ್ಟ. ಇಂದಿಗೂ ಹಾಗೇ ಇದೆ.

ಎಕೋ ಗುಂಡಿಯ ಬಗ್ಗೆ ಬರೆಯಲೇಬೇಕು. ಎಲ್ಲರಿಗೂ ಅದರ ಮೇಲೆ ಆಸೆ. ಒತ್ತಿದರೆ ದನಿಗೆ ಗುಡಿಯ ಗರ್ಭಗುಡಿಯ ಗುಂಗು ಬರುತ್ತದೆ. ದಯವಿಟ್ಟು ಆರಿಸಿಡಿ. ನಮ್ಮ ಕೇಳುಗರೂ ವಯಸ್ಸಾದವರೇ. ವಯಸ್ಸಾದ ಕಿವಿಗೆ ಮೊದಲು ಕೇಳಿಸದೆ ಹೋಗುವುದು ಎತ್ತರದ, ಚೂಪು ದನಿಗಳು. ಸ, ಶ, ತ ಇಂಥ ಅಕ್ಷರಗಳು ಮಸುಕಾಗುತ್ತವೆ. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಅದಕ್ಕೆ ಎಕೋ ಸೇರಿಸಿದರೆ ಒಂದು ಮಾತಿನ ಬಾಲ ಇನ್ನೊಂದರ ತಲೆಗೆ ಅಂಟಿ ಎಲ್ಲವೂ ಕಲಸಿಹೋಗುತ್ತದೆ. ಬಾಸ್ ಕಡಿಮೆ ಮಾಡಿ, ಟ್ರೆಬಲ್ ಸ್ವಲ್ಪ ಏರಿಸಿ, ನಿಧಾನವಾಗಿ ಮಾತಾಡಿ. ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿ ಕಥೆ ಮುಗಿದ ಮೇಲೆ ಕೈ ಹಿಡಿದು, ‘ಇವತ್ತು ಪೂರ್ತಿ ಅರ್ಥ ಆಯ್ತಪ್ಪ’ ಅಂದರು. ಯಾವ ಶಾಲು ಹಾರಕ್ಕೂ ನಾನು ಅಷ್ಟು ಹಿಗ್ಗಿಲ್ಲ.

ನಮ್ಮ ಕಿವಿಯೂ ಮಂದವಾಗಿರುತ್ತದೆ ಅನ್ನುವುದನ್ನು ಮರೆಯಬಾರದು. ಸ್ಪೀಕರ್ ಮುಂದೆ ಇರುವುದರಿಂದ ಜನಕ್ಕೆ ಎಷ್ಟು ಕೇಳುತ್ತಿದೆ ಅಂತ ನಮಗೆ ತಿಳಿಯುವುದಿಲ್ಲ. ಕೇಳುತ್ತಿಲ್ಲವೇನೋ ಅಂತ ಮತ್ತೆ ಕೂಗಲು ಶುರು ಮಾಡುತ್ತೇವೆ. ತಬಲದ ಹುಡುಗನಿಗೆ ಹೇಳಿಟ್ಟಿದ್ದೇನೆ. ನನ್ನ ದನಿ ಏರಿದರೆ ಅವನು ಅಂಗೈ ಕೆಳಗೆ ಮಾಡಿ ತೋರಿಸುತ್ತಾನೆ.

ಈ ಮೈಕ್ ನನಗೆ ಕೊಟ್ಟ ದೊಡ್ಡ ಲಾಭ ಬೇರೆಯೇ ಇದೆ. ಚಂದ್ರಹಾಸನ ಕಥೆ ನನ್ನ ಹೆಸರಿಗೆ ಅಂಟಿಕೊಂಡ ಕಥೆ. ತೋಟದಲ್ಲಿ ಚಂದ್ರಹಾಸ ನಿದ್ದೆ ಹೋಗಿದ್ದಾನೆ. ವಿಷಯೆ ಮೆಲ್ಲಗೆ ಬರುತ್ತಾಳೆ, ಅವನ ಹತ್ತಿರವಿದ್ದ ಕಾಗದ ಬಿಚ್ಚಿ ಓದುತ್ತಾಳೆ. ವಿಷ ಕೊಡು ಅಂತ ಅವಳ ಅಪ್ಪನೇ ಬರೆದಿದ್ದಾನೆ. ಕಣ್ಣಿನ ಕಾಡಿಗೆ ತೆಗೆದು ಅಕ್ಷರ ತಿದ್ದಿ ‘ವಿಷ’ವನ್ನು ‘ವಿಷಯೆ’ ಮಾಡುತ್ತಾಳೆ. ಅವನು ಎಚ್ಚರಗೊಳ್ಳಬಾರದು, ಗೆಳತಿಯರಿಗೆ ತಿಳಿಯಬಾರದು, ಎದೆ ಮಾತ್ರ ಡವಡವ ಅನ್ನುತ್ತಿದೆ. ಇಂಥ ಸನ್ನಿವೇಶವನ್ನು ನಾನು ಎಷ್ಟೋ ವರ್ಷ ಗಂಟಲು ಹರಿಯುವಂತೆ ಕೂಗಿ ಹೇಳಿದ್ದೇನೆ! ಪೆಂಡಾಲಿನ ಹಿಂದೆ ಜನರೇಟರ್ ಸದ್ದು, ಪಕ್ಕದಲ್ಲಿ ಬಸ್ಸು, ನಿಂತ ಮೈಕಿಗೆ ಅರ್ಧ ದನಿ ಹೋಗುವುದು, ಅರ್ಧ ಗಾಳಿಗೆ. ಕೂಗದೆ ಬೇರೆ ದಾರಿ ಇರಲಿಲ್ಲ. ಈಗ ತಲೆ ಎತ್ತ ತಿರುಗಿಸಿದರೂ ಮೈಕ್ ಜೊತೆಗೇ ಬರುತ್ತದೆ. ವಿಷಯೆಯ ಮಾತನ್ನು ಅವಳು ಹೇಳಿಕೊಳ್ಳುವಷ್ಟೇ ಮೆಲ್ಲಗೆ ಹೇಳಬಹುದು. ಹಾಗೆ ಹೇಳಿದಾಗ ಜನ ಮುಂದಕ್ಕೆ ಬಾಗುತ್ತಾರೆ. ಮೂವತ್ತರ ವಯಸ್ಸಿನಲ್ಲಿ ನನಗೆ ಸಿಗದ ವಿಷಯೆ ಎಪ್ಪತ್ತರ ಮೇಲೆ ಸಿಕ್ಕಿದಳು. ವಯಸ್ಸಿನ ಜೊತೆ ಕಲೆ ಬರೀ ಇಳಿಯುತ್ತದೆ ಅನ್ನುವವರಿಗೆ ನಾನು ಈ ಸನ್ನಿವೇಶವನ್ನು ಮಾಡಿ ತೋರಿಸಬಲ್ಲೆ.

ಹಾರ್ಮೋನಿಯಂ ನುಡಿಸುವ ನನ್ನ ಹಳೇ ಗೆಳೆಯರಿಗೆ ಇದು ಹಿಡಿಸಲಿಲ್ಲ. ‘ದಾಸರೇ, ನಿಮ್ಮಂಥ ಕಂಠದವರು ಗೈಡ್‌ಗಳ ಹಾಗೆ ಮೈಕ್ ಕಟ್ಟೋದಾ? ಸೋತ ಹಾಗಲ್ವಾ?’ ಅಂದರು. ಅವರ ಮೇಲೆ ನನಗೆ ಗೌರವವಿದೆ, ಆದರೂ ಇದನ್ನು ಒಪ್ಪುವುದಿಲ್ಲ. ಮೈಸೂರಿನ ಪಿಟೀಲು ಚೌಡಯ್ಯನವರನ್ನು ನೆನೆಸಿಕೊಳ್ಳಿ. ಆಗ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದ್ದು ಮಾಡಿಕೊಂಡರು. 1927ರ ಹೊತ್ತಿಗೆ ಅದರಲ್ಲೇ ಕಛೇರಿ ಮಾಡುತ್ತಿದ್ದರು. ಅವರಿಗೆ ಕೈಬಲ ಕಡಿಮೆ ಇತ್ತು ಅಂತ ಯಾರಾದರೂ ಅಂದಾರೇ? ನಮ್ಮ ಕಣ್ಣೆದುರೇ ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿ ಬಂದವು. ಮೊದಲು ಮೂಗು ಮುರಿದವರ ಮಕ್ಕಳೂ ಈಗ ಮೊಬೈಲಿನಲ್ಲೇ ಶ್ರುತಿ ಹಾಕಿಕೊಂಡು ಸಾಧಕ ಮಾಡುತ್ತಾರೆ.

ಗಂಗೂಬಾಯಿ ಹಾನಗಲ್ಲರ ವಿಚಾರವೂ ಇದೆ. ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಗಂಡುದನಿಯಷ್ಟು ಗಡುಸಾಯಿತು. ಹಳೇ ದನಿ ವಾಪಸ್ ಬರಲಿ ಅಂತ ಅವರು ಕಾದು ಕೂರಲಿಲ್ಲ. ಸಿಕ್ಕ ದನಿಯಲ್ಲೇ ಹಾಡಿದರು, ಅದೇ ಅವರ ಗುರುತಾಯಿತು. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದವರು, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಮೊರನಾಳದ ತೊಗಲುಗೊಂಬೆಯ ಭೀಮವ್ವನವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಇವರ ಹೆಸರುಗಳನ್ನು ನಾನು ಗೋಡೆಗೆ ಹಾಕಿಕೊಳ್ಳುವ ಫೋಟೋದ ಹಾಗೆ ಹೇಳುತ್ತಿಲ್ಲ. ನಾಳೆ ಬೆಳಿಗ್ಗೆ ಏಳಬೇಕಾ ಬೇಡವಾ ಅನ್ನಿಸಿದಾಗ ನಿಜವಾಗಿ ನೆನೆಸಿಕೊಳ್ಳುತ್ತೇನೆ.

ವೇದಿಕೆಯ ಮೇಲೇ ಪ್ರಾಣ ಹೋಗಬೇಕು, ಅದೇ ಕಲಾವಿದನ ಪುಣ್ಯ ಅಂತ ಸನ್ಮಾನದ ಭಾಷಣಗಳಲ್ಲಿ ಹೇಳುತ್ತಾರೆ. ಯಕ್ಷಗಾನದ ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಕುಸಿದರು. ಅಂಥ ದೊಡ್ಡವರ ಕೊನೆಯನ್ನು ನೆನೆದು ನಮಸ್ಕಾರ ಮಾಡುತ್ತೇನೆ. ಆದರೆ ನನಗೆ ಅಂಥ ಆಸೆ ಇಲ್ಲ. ಬರುವ ಶನಿವಾರ ಗುಬ್ಬಿಯಲ್ಲಿ ಒಂದು ಮನೆಯಲ್ಲಿ ಕಥೆ ಒಪ್ಪಿಕೊಂಡಿದ್ದೇನೆ, ಅದನ್ನು ಚೆನ್ನಾಗಿ ಮಾಡಿ ಮನೆಗೆ ಬಂದು ಊಟ ಮಾಡಬೇಕು. ಅದರ ಮುಂದಿನ ವಾರಕ್ಕೂ ಗಂಟಲು ಉಳಿದಿರಬೇಕು. ಅದಕ್ಕಾಗಿಯೇ ಬೆಳಿಗ್ಗೆ ಅಮಾನಿಕೆರೆಯ ಸುತ್ತ ನಡೆಯುತ್ತೇನೆ, ಸ್ಟ್ರಾ ಊದುತ್ತೇನೆ, ಕಥೆಯ ಹಿಂದಿನ ದಿನ ಫೋನಿನಲ್ಲಿ ಮಾತು ಕಡಿಮೆ ಮಾಡುತ್ತೇನೆ. ಪೂರ್ತಿ ನಿಂತೇ ಮಾಡುತ್ತಿದ್ದ ಕಥೆಯನ್ನು ಈಗ ಪೀಠಿಕೆ ಕೂತು, ಕಥಾಭಾಗ ನಿಂತು ಮಾಡುತ್ತೇನೆ. ಮನೆಯವಳು ಮೊದಲು ‘ಸಾಕು ಬಿಡಿ, ಇನ್ನೆಷ್ಟು’ ಅನ್ನುತ್ತಿದ್ದಳು. ಈಗ ಬ್ಯಾಗಿಗೆ ಚಾರ್ಜರ್ ಇಟ್ಟಿದ್ದೀರಾ ಅಂತ ಅವಳೇ ಕೇಳುತ್ತಾಳೆ.

ಯಾರಿಗೆ ಇದು ಬೇಡ? ಬಯಲಿನಲ್ಲಿ ಇನ್ನೂರು ಮುನ್ನೂರು ಜನ ಸೇರುವ ಕಡೆ ಇದನ್ನು ನಂಬಿ ಹೋಗಬೇಡಿ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ದನಿಯ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಇಷ್ಟು ಸಣ್ಣ ಸ್ಪೀಕರಿನ ಬಾಯಿ ಅಲ್ಲಿಗೆ ಸಾಲದು. ಜಾಸ್ತಿ ಏರಿಸಿದರೆ ಒಡಕು ದನಿ ಬರುತ್ತದೆ. ಅಲ್ಲಿ ಮೈಕ್ ಸೆಟ್‌ನವರನ್ನೇ ಕರೆಸಿ. ಯಕ್ಷಗಾನದ ಭಾಗವತರಿಗೂ ಇದು ಆಗದು, ಚಂಡೆಯ ಮುಂದೆ ಇದು ನಿಲ್ಲುವುದಿಲ್ಲ. ಗಂಟಲು ವಾರಗಟ್ಟಲೆ ಕಟ್ಟಿಕೊಂಡೇ ಇದ್ದರೆ ಮೈಕ್ ಕೊಳ್ಳುವ ಮೊದಲು ಡಾಕ್ಟರ ಹತ್ತಿರ ಹೋಗಿ, ಕಾರಣ ಬೇರೆ ಇರಬಹುದು.

ಉಳಿದವರಿಗೆ, ಧಾರಾಳವಾಗಿ ಕೊಳ್ಳಿ ಅನ್ನುತ್ತೇನೆ. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಆ ತಲೆಪಟ್ಟಿಗೆ ಮತ್ತು ಬಿಡಿಭಾಗ ಕೊಡದ ಕಂಪನಿಗೆ ಕಡಿತ. ಬಿಲ್ ಕೇಳಿ ತೆಗೆದುಕೊಳ್ಳಿ, ತಲೆಪಟ್ಟಿ ಬಿಡಿಯಾಗಿ ಸಿಗುತ್ತದಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ. ಭಾನುವಾರ ಹೋಗಬೇಡಿ, ಎಸ್.ಪಿ. ರೋಡಿನಲ್ಲಿ ತುಂಬಾ ಅಂಗಡಿ ಮುಚ್ಚಿರುತ್ತವೆ. ತುಮಕೂರಿನ ಸುತ್ತಮುತ್ತ ಯಾರಾದರೂ ಹಿರಿಯ ದಾಸರು, ಗಮಕಿಗಳು ಕೊಳ್ಳುವ ಮೊದಲು ಹಾಕಿಕೊಂಡು ನೋಡಬೇಕು ಅಂದರೆ, ನಮ್ಮ ಕಥೆ ನಡೆಯುವ ಕಡೆ ಅರ್ಧ ಗಂಟೆ ಮುಂಚೆ ಬನ್ನಿ. ಹಾಕಿಕೊಟ್ಟು, ಶ್ರುತಿ ಸೇರಿಸಿ, ನಿಮ್ಮ ಕೈಲೇ ಒಂದು ಪದ ಹಾಡಿಸುತ್ತೇನೆ.